ಗುರಿ ತಪ್ಪದ ಕ್ಷಿಪಣಿ, ಗುರಿ ತಪ್ಪಿದ ಮನುಷ್ಯ



ಕೆಲವು ವಾರಗಳ ಹಿಂದೆ ಭಾನುವಾರದ ಎರಡನೆಯ ಬಲಿಪೂಜೆ ಮುಗಿಸಿ ಪೂಜಾವಸ್ತ್ರಗಳನ್ನು ಕಳಚಿಡುತ್ತಿದ್ದೆ. ಯುವಕನೊಬ್ಬ ಬಾಗಿಲಲ್ಲಿ ಬಂದು ನಿಂತ. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದವನು, ನಮ್ಮ ಗಾಯನವೃಂದದಲ್ಲಿ ಹಾಡುವವನು. "ಫಾದರ್, ಒಂದು ವಿಷಯ ಕೇಳಬೇಕಿತ್ತು" ಎಂದ. ಕ್ಷಿಪಣಿಗಳಿಗೆ ದಾರಿ ತೋರಿಸುವ ಎಲೆಕ್ಟ್ರಾನಿಕ್ ಉಪಕರಣಗಳನ್ನು ತಯಾರಿಸುವ ಕಡೆ ಅವನಿಗೆ ಕೆಲಸ ಸಿಕ್ಕಿತ್ತು. ಒಳ್ಳೆಯ ಸಂಬಳ. ತಂದೆ ತಾಯಿಗೆ ಸಂತೋಷ. ಆದರೆ ಜಪಸರ ಹಿಡಿದು ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಮಾತ್ರ, "ಮಗಾ, ಅದು ಜನರನ್ನು ಕೊಲ್ಲುವ ಕೆಲಸವಲ್ಲವೇನೋ?" ಎಂದು ಕೇಳಿಬಿಟ್ಟಿದ್ದರು.

"ಫಾದರ್, ನಮ್ಮ ಉಪಕರಣ ಎಷ್ಟು ನಿಖರವಾಗಿರುತ್ತದೋ ಅಷ್ಟು ಕಡಿಮೆ ನಿರಪರಾಧಿಗಳು ಸಾಯುತ್ತಾರೆ. ಹಾಗಾದರೆ ಇದು ಒಳ್ಳೆಯ ಕೆಲಸವೇ ಅಲ್ಲವೇ? ಅಜ್ಜಿಗೆ ನಾನು ಏನು ಹೇಳಲಿ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಒಂದು ವಾರ ಕೊಡು ಎಂದೆ. ಆ ವಾರದಲ್ಲಿ ಓದಿದ್ದನ್ನೂ ಯೋಚಿಸಿದ್ದನ್ನೂ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ. ಇದು ಅವನೊಬ್ಬನ ಪ್ರಶ್ನೆಯಲ್ಲ. ಆಕಾಶ್ ಕ್ಷಿಪಣಿಗೆ ಕಣ್ಣಾಗಿರುವ ರಾಜೇಂದ್ರ ರಾಡಾರ್ ರೂಪುಗೊಂಡದ್ದು ಬೆಂಗಳೂರಿನಲ್ಲೇ. ರಕ್ಷಣಾ ಉತ್ಪಾದನೆಯ ಕಾರ್ಖಾನೆಗಳಲ್ಲಿ, ಪ್ರಯೋಗಾಲಯಗಳಲ್ಲಿ ದುಡಿಯುವ ಎಷ್ಟೋ ಮಂದಿ ನಮ್ಮ ಧರ್ಮಕೇಂದ್ರಗಳ ಬೆಂಚುಗಳ ಮೇಲೆ ಕುಳಿತು ಪ್ರಾರ್ಥಿಸುವವರೇ.

ಕ್ಷಿಪಣಿಗೆ ದಾರಿ ಹೇಗೆ ತಿಳಿಯುತ್ತದೆ?

ಮೊದಲು ಈ ವಿದ್ಯೆಯನ್ನು ಸ್ವಲ್ಪ ಅರ್ಥಮಾಡಿಕೊಳ್ಳೋಣ. ಕರೆಂಟು ಹೋದ ರಾತ್ರಿ ನಮ್ಮ ಮನೆಯಲ್ಲಿ ನಾವು ಹೇಗೆ ನಡೆಯುತ್ತೇವೆ? ಮಂಚದಿಂದ ಬಾಗಿಲಿಗೆ ನಾಲ್ಕು ಹೆಜ್ಜೆ, ಅಲ್ಲಿಂದ ಎಡಕ್ಕೆ ತಿರುಗಿ ಆರು ಹೆಜ್ಜೆ ಎಂದು ಲೆಕ್ಕ ಹಾಕಿ ಅಡುಗೆಮನೆ ಸೇರುತ್ತೇವೆ. ಕ್ಷಿಪಣಿಯೂ ಮೂಲತಃ ಹೀಗೆಯೇ ಸಾಗುತ್ತದೆ. ಬುಗುರಿಯ ತತ್ತ್ವದ ಮೇಲೆ ಬೆಳೆದುಬಂದ ಗೈರೋಸ್ಕೋಪ್ ಎಂಬ ಸಾಧನ ತಾನು ಎಷ್ಟು ತಿರುಗಿದೆ ಎಂಬುದನ್ನು ಹೇಳುತ್ತದೆ. ಇನ್ನೊಂದು ಸಾಧನ ವೇಗ ಎಷ್ಟು ಹೆಚ್ಚಿತು, ಎಷ್ಟು ತಗ್ಗಿತು ಎಂಬುದನ್ನು ಅಳೆಯುತ್ತದೆ. ಇವೆರಡನ್ನು ಕೂಡಿಸಿ ಒಳಗಿರುವ ಗಣಕಯಂತ್ರ ತಾನೀಗ ಎಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಆದರೆ ಕತ್ತಲೆಯಲ್ಲಿ ನಡೆಯುವಾಗ ಹೆಜ್ಜೆ ಸ್ವಲ್ಪ ಸ್ವಲ್ಪವೇ ತಪ್ಪುವಂತೆ ಈ ಲೆಕ್ಕವೂ ದೂರ ಹೋದಂತೆ ತಪ್ಪುತ್ತಾ ಹೋಗುತ್ತದೆ.

ಅದನ್ನು ತಿದ್ದಲು ಉಪಗ್ರಹಗಳ ಸಂಕೇತ ಬೇಕು. ಕನಿಷ್ಠ ನಾಲ್ಕು ಉಪಗ್ರಹಗಳಿಂದ ಬರುವ ರೇಡಿಯೋ ಸಂಕೇತಗಳು ತಲುಪಲು ಹಿಡಿದ ಕಾಲವನ್ನು ಅಳೆದು ಸ್ಥಳವನ್ನು ನಿರ್ಧರಿಸಲಾಗುತ್ತದೆ. ಈ ಸಂಕೇತ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಕಾಲದ ಅಳತೆಯಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ!

ಚಲಿಸುವ ಗುರಿಯನ್ನು ಹಿಡಿಯಲು ಕ್ಷಿಪಣಿಗೆ ಕಣ್ಣೂ ಬೇಕು. ಕೆಲವು ಕ್ಷಿಪಣಿಗಳು ವಿಮಾನದ ಎಂಜಿನ್ನಿನ ಶಾಖವನ್ನು ಹುಡುಕಿಕೊಂಡು ಹೋಗುತ್ತವೆ. ಕೆಲವು ರಾಡಾರಿನ ಅಲೆ ಗುರಿಗೆ ತಗುಲಿ ಹಿಂದಿರುಗುವ ಪ್ರತಿಧ್ವನಿಯನ್ನು ಹಿಡಿಯುತ್ತವೆ. ಮತ್ತೆ ಕೆಲವು, ಯಾರೋ ಒಬ್ಬರು ಗುರಿಯ ಮೇಲೆ ಹಾಯಿಸಿದ ಲೇಸರ್ ಬೆಳಕಿನ ಚುಕ್ಕೆಯತ್ತ ಸಾಗುತ್ತವೆ. ಹಿಂಬಾಲಿಸುವ ಉಪಾಯವೂ ಸರಳವೇ. ನೀವು ಬಸ್ಸಿನಲ್ಲಿ ಕುಳಿತಿದ್ದೀರಿ. ಮುಂದೆ ಕೂಡುವ ಇನ್ನೊಂದು ರಸ್ತೆಯಲ್ಲಿ ಲಾರಿಯೊಂದು ಬರುತ್ತಿದೆ. ಅದು ನಿಮ್ಮ ಕಿಟಕಿಯ ಅದೇ ಜಾಗದಲ್ಲಿ ಕಾಣುತ್ತಲೇ ದೊಡ್ಡದಾಗುತ್ತಾ ಬಂದರೆ ಡಿಕ್ಕಿ ಖಂಡಿತ. ನಾವು ಯಾವುದಕ್ಕೆ ಹೆದರಿ ಬ್ರೇಕ್ ಹಾಕುತ್ತೇವೋ ಅದನ್ನೇ ಕ್ಷಿಪಣಿ ಬೇಕೆಂದು ಮಾಡುತ್ತದೆ. ಗುರಿ ಕಾಣುವ ದಿಕ್ಕು ಬದಲಾಗದಂತೆ ತನ್ನ ರೆಕ್ಕೆಗಳನ್ನು ಕ್ಷಣಕ್ಷಣವೂ ತಿರುಗಿಸಿಕೊಳ್ಳುತ್ತದೆ.

ಮನುಷ್ಯನಿಗೆ ದೇವರು ಕೊಟ್ಟ ಬುದ್ಧಿಶಕ್ತಿ ಎಂಥದ್ದು ಎಂದು ಇಲ್ಲಿ ಯಾರಿಗಾದರೂ ಬೆರಗಾಗದಿರದು. ಆದರೆ ಒಂದು ಮಾತನ್ನು ಗಮನಿಸಿ. ಈ ಎಲ್ಲ ಸಾಧನಗಳು ಉತ್ತರಿಸುವುದು ಒಂದೇ ಪ್ರಶ್ನೆಗೆ: "ಎಲ್ಲಿ?" ಅಲ್ಲಿರುವವರು ಯಾರು, ಅವರನ್ನು ಏಕೆ ಹೊಡೆಯಬೇಕು ಎಂಬ ಪ್ರಶ್ನೆಗಳು ಆ ಲೋಹದ ತಲೆಯೊಳಗೆ ಹುಟ್ಟುವುದೇ ಇಲ್ಲ.

ನಿಖರತೆ ಒಂದು ಒಳಿತೇ ಸರಿ

ಯುವಕನ ಮಾತಿನಲ್ಲಿ ಸತ್ಯವಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಎರಡನೆಯ ಮಹಾಯುದ್ಧದಲ್ಲಿ, 1941ರಲ್ಲಿ, ಬ್ರಿಟನ್ ತನ್ನ ಬಾಂಬರ್ ವಿಮಾನಗಳು ತೆಗೆದ ಛಾಯಾಚಿತ್ರಗಳನ್ನು ಪರಿಶೀಲಿಸಿತು. ಗುರಿಯನ್ನು ಹೊಡೆದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಗುರಿಯಿಂದ 5 ಮೈಲಿಗಳೊಳಗೆ ಬಂದಿತ್ತು! ಕಾರ್ಖಾನೆಗೆ ಗುರಿಯಿಡಲಾಗದ ಸೈನ್ಯಗಳು ಕೊನೆಗೆ ಊರುಗಳನ್ನೇ ಗುರಿ ಮಾಡಿಕೊಂಡವು. ಹ್ಯಾಂಬರ್ಗ್, ಡ್ರೆಸ್ಡೆನ್, ಟೋಕಿಯೋ ನಗರಗಳು ಉರಿದವು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ, ಇಡೀ ನಗರಗಳನ್ನು ಅವುಗಳ ಜನರ ಸಮೇತ ವಿವೇಚನೆಯಿಲ್ಲದೆ ನಾಶಮಾಡುವುದು ದೇವರಿಗೂ ಮನುಷ್ಯನಿಗೂ ವಿರುದ್ಧವಾದ ಅಪರಾಧ ಎಂದು ಖಂಡಿಸಿತು. ಸೈನಿಕನನ್ನೂ ತೊಟ್ಟಿಲಿನ ಕೂಸನ್ನೂ ಬೇರ್ಪಡಿಸಿ ನೋಡಬೇಕೆಂಬುದು ಧರ್ಮಸಭೆಯ ಹಳೆಯ ಬೋಧನೆ. ಹಾಗೆ ಬೇರ್ಪಡಿಸಲು ನೆರವಾಗುವ ಯಂತ್ರವನ್ನು ಕೆಟ್ಟದ್ದೆಂದು ಹೇಳಲಾದೀತೇ?

ಆದರೆ ಪ್ರಿಯರೇ, ಈ ಒಳಿತಿನ ಬೆನ್ನಿಗೇ ಒಂದು ಮೋಹವೂ ಬರುತ್ತದೆ. 1991ರ ಕೊಲ್ಲಿ ಯುದ್ಧದಲ್ಲಿ ಬಾಂಬು ಕಟ್ಟಡದ ಕಿಂಡಿಯೊಳಗೇ ನುಗ್ಗುವ ಚಿತ್ರಗಳನ್ನು ಲೋಕವೆಲ್ಲ ದೂರದರ್ಶನದಲ್ಲಿ ಕಂಡಿತು. ಯುದ್ಧವೂ ಶಸ್ತ್ರಚಿಕಿತ್ಸೆಯಂತೆ ಶುದ್ಧವಾಗಿಬಿಟ್ಟಿತೆಂದು ಹಲವರು ನಂಬಿದರು. ನಿಜದಲ್ಲಿ ಆ ಯುದ್ಧದಲ್ಲಿ ಹಾಕಿದ ಬಾಂಬುಗಳ ಪೈಕಿ ದಾರಿ ಬಲ್ಲಂಥವು ನೂರಕ್ಕೆ ಹತ್ತಕ್ಕಿಂತಲೂ ಕಡಿಮೆ. ಅದೇ ವರ್ಷ ಫೆಬ್ರವರಿ 13ರಂದು ಬಾಗ್ದಾದಿನ ಅಮಿರಿಯಾದಲ್ಲಿ ಅಂಥ ಎರಡು ಬಾಂಬುಗಳು ಇಟ್ಟ ಗುರಿಗೇ ಸರಿಯಾಗಿ ಬಿದ್ದವು. ಸೈನ್ಯದ ಕೇಂದ್ರವೆಂದು ಭಾವಿಸಿದ್ದ ಆ ಕಟ್ಟಡದಲ್ಲಿ ರಾತ್ರಿ ಮಲಗಿದ್ದವರು ಆಶ್ರಯ ಹುಡುಕಿ ಬಂದ ಸಂಸಾರಗಳು. 400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು. ಬಾಂಬು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಗಡಿಯಾರ, ಕಣ್ಣು, ವಿಳಾಸ

ತಪ್ಪು ಎಲ್ಲಿಂದ ಒಳನುಗ್ಗುತ್ತದೆ? ಇನ್ನೂ ಮೂರು ಘಟನೆಗಳನ್ನು ನೋಡೋಣ.

ಮೊದಲನೆಯದು ಗಡಿಯಾರದ ಕಥೆ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಸೈನಿಕರ ವಸತಿಯ ಮೇಲೆ ಇರಾಕಿನ ಸ್ಕಡ್ ಕ್ಷಿಪಣಿ ಬಿದ್ದು 28 ಮಂದಿ ಸತ್ತರು. ಅದನ್ನು ತಡೆಯಬೇಕಿದ್ದ ಪೇಟ್ರಿಯಟ್ ವ್ಯವಸ್ಥೆ ಅಲ್ಲೇ ಇತ್ತು, ಆದರೆ ಹಾರಲಿಲ್ಲ. ಅದರ ಗಣಕಯಂತ್ರ ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತಿತ್ತು. ಮೂರರಲ್ಲಿ ಒಂದನ್ನು ನಾವು ದಶಮಾಂಶದಲ್ಲಿ ಬರೆಯಹೊರಟರೆ ಹೇಗೆ ಮುಗಿಯುವುದಿಲ್ಲವೋ, ಹಾಗೆಯೇ ಹತ್ತರಲ್ಲಿ ಒಂದು ಎಂಬುದು ಗಣಕಯಂತ್ರದ ಸೊನ್ನೆ ಮತ್ತು ಒಂದರ ಲೆಕ್ಕದಲ್ಲಿ ಮುಗಿಯುವುದಿಲ್ಲ. ತುದಿಯನ್ನು ಕತ್ತರಿಸಲೇಬೇಕು. ಕತ್ತರಿಸಿದ ಚೂರು ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಯಂತ್ರವನ್ನು ಆರಿಸದೆ 100 ಗಂಟೆ ಓಡಿಸಿದ್ದರಿಂದ ಆ ಚೂರುಗಳೆಲ್ಲ ಸೇರಿ ಸೆಕೆಂಡಿನ ಮೂರನೇ ಒಂದು ಭಾಗವಾಯಿತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ರಾಡಾರ್ ಆಕಾಶದ ತಪ್ಪು ಜಾಗದಲ್ಲಿ ನೋಡಿತು, ಏನೂ ಇಲ್ಲವೆಂದುಕೊಂಡಿತು. ಈ ದೋಷ ಎರಡು ವಾರ ಮೊದಲೇ ತಿಳಿದಿತ್ತು. ಯಂತ್ರವನ್ನು ಆಗಾಗ ಆರಿಸಿ ಮತ್ತೆ ಹಚ್ಚಿದ್ದರೆ ಸಾಕಾಗಿತ್ತು. ತಿದ್ದಿದ ಪ್ರೋಗ್ರಾಮು ದಹ್ರಾನ್ ತಲುಪಿದ್ದು ಮಾರನೆಯ ದಿನ.

ಎರಡನೆಯದು ಕಣ್ಣಿನ ಕಥೆ. 1988ರ ಜುಲೈ 3ರಂದು ಅಮೆರಿಕದ ವಿನ್ಸೆನ್ಸ್ ಎಂಬ ಯುದ್ಧನೌಕೆ ಪರ್ಷಿಯನ್ ಕೊಲ್ಲಿಯಲ್ಲಿ ಇರಾನಿನ ದೋಣಿಗಳೊಡನೆ ಕಾದಾಡುತ್ತಿತ್ತು. ಅದೇ ಹೊತ್ತಿಗೆ ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟ ಇರಾನ್ ಏರ್ 655 ಪ್ರಯಾಣಿಕ ವಿಮಾನ ನಿತ್ಯದಂತೆ ಮೇಲೇರುತ್ತಿತ್ತು. ನೌಕೆಯ ಯಂತ್ರಗಳು ವಿಮಾನ ಮೇಲೇರುತ್ತಿದೆಯೆಂದೇ ದಾಖಲಿಸಿದವು. ಆದರೆ ಪರದೆಯ ಮುಂದಿದ್ದ ಕೆಲವರು ಅದು ತಮ್ಮ ಮೇಲೆ ಎರಗಲು ಕೆಳಗಿಳಿಯುತ್ತಿದೆ ಎಂದು ಕೂಗಿ ಹೇಳಿದರು. ಎರಡು ಕ್ಷಿಪಣಿಗಳು ಹಾರಿದವು, ಗುರಿ ತಪ್ಪಲಿಲ್ಲ. ಸತ್ತವರು 290 ಜನ, ಅವರಲ್ಲಿ 66 ಮಕ್ಕಳು. ಯಂತ್ರ ಸತ್ಯ ಹೇಳುತ್ತಿತ್ತು. ಮನುಷ್ಯರಿಗೆ ತಮ್ಮ ಭಯವೇ ಕೇಳಿಸುತ್ತಿತ್ತು.

ಮೂರನೆಯದು ವಿಳಾಸದ ಕಥೆ. 1999ರ ಮೇ 7ರ ರಾತ್ರಿ ಬೆಲ್‌ಗ್ರೇಡ್ ನಗರದಲ್ಲಿ ಅಮೆರಿಕದ ವಿಮಾನವೊಂದು ಐದು ಬಾಂಬುಗಳನ್ನು ಹಾಕಿತು. ಇವು ಹಾರುವ ಕ್ಷಿಪಣಿಗಳಲ್ಲ, ಬೀಳುವ ಬಾಂಬುಗಳು. ಆದರೆ ಉಪಗ್ರಹದ ಸಂಕೇತ ಹಿಡಿದು ದಾರಿ ಕಂಡುಕೊಳ್ಳುವ ವಿದ್ಯೆ ಅದೇ. ಬಾಂಬುಗಳು ಕೊಟ್ಟ ಅಂಕಿಗಳಿಗೆ ಸರಿಯಾಗಿಯೇ ಬಿದ್ದವು. ಅಲ್ಲಿದ್ದುದು ಚೀನಾದ ರಾಯಭಾರ ಕಚೇರಿ! ಮೂವರು ಪತ್ರಕರ್ತರು ಸತ್ತರು, ಅವರಲ್ಲಿ ಇಬ್ಬರು ಗಂಡಹೆಂಡತಿ. ಅಮೆರಿಕ ಕೊಟ್ಟ ವಿವರಣೆ ಹೀಗಿತ್ತು: ಹೊಡೆಯಬೇಕೆಂದಿದ್ದುದು ಯುಗೊಸ್ಲಾವಿಯದ ಶಸ್ತ್ರಾಸ್ತ್ರ ಖರೀದಿ ಇಲಾಖೆಯ ಕಟ್ಟಡವನ್ನು. ಬೀದಿಯ ವಿಳಾಸವಿತ್ತು, ನಕ್ಷೆಯಲ್ಲಿ ಕಟ್ಟಡ ಯಾವುದೆಂದು ತಿಳಿದಿರಲಿಲ್ಲ. ಪಕ್ಕದ ಬೀದಿಗಳ ಮನೆ ನಂಬರುಗಳನ್ನು ಹೋಲಿಸಿ ಅಂದಾಜು ಮಾಡಲಾಯಿತು. ರಾಯಭಾರ ಕಚೇರಿ ಹೊಸ ಜಾಗಕ್ಕೆ ಬಂದದ್ದನ್ನು ಹೊಡೆಯಬಾರದ ಸ್ಥಳಗಳ ಪಟ್ಟಿಯಲ್ಲಿ ಸೇರಿಸಿರಲಿಲ್ಲ. ಚೀನಾ ಈ ವಿವರಣೆಯನ್ನು ಒಪ್ಪಲಿಲ್ಲ. ಅದೇನೇ ಇರಲಿ, ಆ ವಿವರಣೆಯಲ್ಲಿ ಒಂದು ಮಾತು ನನ್ನ ಮನಸ್ಸನ್ನು ಕಲಕಿತು. ಗುರಿ ಸರಿಯಿದೆಯೇ ಎಂದು ಒಬ್ಬ ಅಧಿಕಾರಿಗೆ ಸಂಶಯ ಬಂದಿತ್ತು. ಅವರು ಅದನ್ನು ತಿಳಿಸಲು ಪ್ರಯತ್ನಿಸಿದ್ದರು ಕೂಡ. ಆದರೆ ಆ ಸಂಶಯ ನಿಲ್ಲಿಸಬಲ್ಲವರ ಕಿವಿಯನ್ನು ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ.

ಎಣಿಕೆಯಲ್ಲಿ ಅಸಡ್ಡೆ, ನೋಟದಲ್ಲಿ ಭಯ, ವಿಳಾಸದಲ್ಲಿ ಅಂದಾಜು. ಈ ಮೂರೂ ಮನುಷ್ಯರವು.

ಕೂದಲೆಳೆಗೂ ಗುರಿಯಿಡುವವರು

ಪವಿತ್ರ ಗ್ರಂಥಕ್ಕೆ ಈ ವಿಷಯ ಹೊಸದಲ್ಲ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಪಾಪಕ್ಕೆ ಬಳಸಿರುವ 'ಹಮಾರ್ತಿಯ' ಎಂಬ ಪದದ ಮೂಲದಲ್ಲಿ ಗುರಿ ತಪ್ಪುವುದೆಂಬ ಅರ್ಥವಿದೆ. ಹೀಬ್ರೂ ಭಾಷೆಯಲ್ಲಿ ಪಾಪ ಮಾಡು ಎನ್ನಲು ಬಳಸುವ ಕ್ರಿಯಾಪದವೂ ಅಂಥದ್ದೇ. ಈ ಹೀಬ್ರೂ ಪದ ತನ್ನ ಮೊದಲ ಅರ್ಥದಲ್ಲಿ ಕಾಣಿಸಿಕೊಳ್ಳುವ ಒಂದು ಜಾಗ ನ್ಯಾಯಸ್ಥಾಪಕರ ಗ್ರಂಥದ 20ನೆಯ ಅಧ್ಯಾಯದಲ್ಲಿದೆ. ಬೆನ್ಯಾಮಿನ್ ಕುಲದಲ್ಲಿ 700 ಮಂದಿ ಎಡಗೈ ವೀರರಿದ್ದರು. ಕವಣೆಯಲ್ಲಿ ಕೂದಲೆಳೆಗೆ ಗುರಿಯಿಟ್ಟರೂ ಅವರ ಕಲ್ಲು ತಪ್ಪುತ್ತಿರಲಿಲ್ಲ. ಆ ಕಾಲದ ಕ್ಷಿಪಣಿಗಳು!

ಆದರೆ ಅವರು ಯಾರ ಪರವಾಗಿ ಕವಣೆ ಹಿಡಿದಿದ್ದರು? ಹಿಂದಿನ ಅಧ್ಯಾಯವನ್ನು ಓದಿ ನೋಡಿ. ಗಿಬೆಯ ಊರಿನ ದುಷ್ಟರು ರಾತ್ರಿಯೆಲ್ಲ ಒಬ್ಬ ಹೆಣ್ಣಿನ ಮೇಲೆ ಅತ್ಯಾಚಾರವೆಸಗಿದರು. ಅವಳು ಹೊಸ್ತಿಲ ಮೇಲೆ ಸತ್ತುಬಿದ್ದಳು. ಅಪರಾಧಿಗಳನ್ನು ಒಪ್ಪಿಸಿರೆಂದು ಉಳಿದ ಕುಲಗಳು ಕೇಳಿದವು. ಬೆನ್ಯಾಮಿನ್ ಕುಲ ನಿರಾಕರಿಸಿ, ಅವರನ್ನು ಉಳಿಸಿಕೊಳ್ಳಲು ಯುದ್ಧಕ್ಕೆ ನಿಂತಿತು. ಕೈ ಗುರಿ ತಪ್ಪಲಿಲ್ಲ, ಕುಲವೇ ಗುರಿ ತಪ್ಪಿತು. ನಿಖರತೆ ಬೇರೆ, ನೀತಿ ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಕಥೆ ನನಗೆ ಸಿಗಲಿಲ್ಲ.

ಸೆಮಿನರಿಯಲ್ಲಿ ನೀತಿಶಾಸ್ತ್ರ ಕಲಿಯುವಾಗ ನಮಗೆ ಬೇಟೆಗಾರನ ಉದಾಹರಣೆ ಕೊಡುತ್ತಿದ್ದರು. ಪೊದೆ ಅಲುಗುತ್ತದೆ. ಅದು ಜಿಂಕೆಯೋ ಮನುಷ್ಯನೋ ತಿಳಿಯದು. ಸಂಶಯವಿರುವಾಗ ಕೋವಿ ಹಾರಿಸಬಹುದೇ? ಹಾರಿಸಬಾರದು. ಒಳಗಿದ್ದುದು ಜಿಂಕೆಯೇ ಆಗಿದ್ದರೂ ಹಾರಿಸಿದವನು ತಪ್ಪಿತಸ್ಥನೇ, ಏಕೆಂದರೆ ಮನುಷ್ಯನಿದ್ದರೂ ಇರಲಿ ಎಂದು ಅವನು ಮನಸ್ಸಿನಲ್ಲೇ ಒಪ್ಪಿಕೊಂಡಿದ್ದ. ಹಾಗೆಯೇ, ತಿಳಿದುಕೊಳ್ಳಬೇಕಾದುದನ್ನು ಅಸಡ್ಡೆಯಿಂದ ತಿಳಿದುಕೊಳ್ಳದವನ ಅಜ್ಞಾನ ಅವನನ್ನು ನಿರ್ದೋಷಿಯಾಗಿ ಮಾಡುವುದಿಲ್ಲವೆಂದು ಸಂತ ತೋಮಸ್ ಅಕ್ವಿನಾಸ್ ಬೋಧಿಸಿದ್ದಾರೆ. ಯುದ್ಧದ ಮಧ್ಯೆ ಕೆಲವೇ ನಿಮಿಷಗಳಲ್ಲಿ ನಿರ್ಧರಿಸಬೇಕಾದ ನಾವಿಕನ ಸಂಕಟವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅವನ ಅಂತರಂಗದ ತೀರ್ಪು ದೇವರಿಗೆ ಬಿಟ್ಟದ್ದು. ಆದರೆ ಪೊದೆ ಅಲುಗಿದಾಗ ನಿಲ್ಲುವ ಕೈ ಒಂದು ಇರಲೇಬೇಕು. ಯಂತ್ರ ವೇಗವಾದಷ್ಟೂ ಆ ಕೈಗೆ ಉಳಿಯುವ ಹೊತ್ತು ಕಡಿಮೆ.

ಈಗ ಆ ಕೈಯನ್ನೇ ತೆಗೆದುಹಾಕುವ ಮಾತು ನಡೆಯುತ್ತಿದೆ. ಗುರಿಯನ್ನು ಯಂತ್ರವೇ ಆರಿಸಿ ಯಂತ್ರವೇ ಹೊಡೆಯಲಿ ಎನ್ನುವವರಿದ್ದಾರೆ. 2024ರ ಜೂನ್ ತಿಂಗಳಲ್ಲಿ ಇಟಲಿಯಲ್ಲಿ ಸೇರಿದ್ದ ಜಿ-7 ರಾಷ್ಟ್ರಗಳ ನಾಯಕರ ಮುಂದೆ ಅಂದಿನ ಜಗದ್ಗುರು ಫ್ರಾನ್ಸಿಸ್ ಅವರು, ಮನುಷ್ಯನ ಪ್ರಾಣ ತೆಗೆಯುವ ನಿರ್ಧಾರವನ್ನು ಯಾವ ಯಂತ್ರಕ್ಕೂ ಎಂದಿಗೂ ಬಿಡಬಾರದೆಂದು ಸ್ಪಷ್ಟವಾಗಿ ಹೇಳಿದರು. ಕಾರಣ ಸರಳ. ಒಳ್ಳೆಯ ಕುರುಬ ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ಸಂತ ಯೊವಾನ್ನರ ಶುಭಸಂದೇಶ ಹೇಳುತ್ತದೆ. ಯಂತ್ರಕ್ಕೆ ಅಂಕಿಗಳು ಗೊತ್ತು, ಹೆಸರು ಗೊತ್ತಿಲ್ಲ. ಕೊಂದದ್ದಕ್ಕಾಗಿ ಅದು ರಾತ್ರಿ ನಿದ್ದೆಗೆಡುವುದಿಲ್ಲ, ಪಾಪನಿವೇದನೆಗೆ ಬರುವುದಿಲ್ಲ.

ಯುವಕನಿಗೆ ಕೊಟ್ಟ ಉತ್ತರ

ಮುಂದಿನ ಭಾನುವಾರ ಅವನು ಬಂದ. ನಾನು ಹೇಳಿದ್ದು ಇಷ್ಟು. "ಈ ಕೆಲಸಕ್ಕೆ ಸೇರುವುದೇ ಪಾಪ ಎಂದು ನಾನು ಹೇಳಲಾರೆ. ದೇಶವನ್ನು ಕಾಯುವುದು ನ್ಯಾಯವೆಂದು ಧರ್ಮಸಭೆ ಒಪ್ಪುತ್ತದೆ. ಸೈನ್ಯದಲ್ಲಿ ಸರಿಯಾಗಿ ಸೇವೆ ಸಲ್ಲಿಸುವವರು ಶಾಂತಿಗೂ ನೆರವಾಗುತ್ತಾರೆಂದು ವ್ಯಾಟಿಕನ್ ಮಹಾಸಭೆಯೇ ಹೇಳಿದೆ. ಆದರೆ, ನಾನು ಬರೀ ಸರ್ಕ್ಯೂಟು ಮಾಡುತ್ತೇನೆ, ಅದು ಎಲ್ಲಿ ಬೀಳುತ್ತದೆ ಎಂಬುದು ನನಗೆ ಸಂಬಂಧವಿಲ್ಲ ಎಂದು ಮಾತ್ರ ಎಂದಿಗೂ ಹೇಳಬೇಡ."

"ಹಾಗಾದರೆ ನಾನೇನು ಮಾಡಬೇಕು ಫಾದರ್?"

"ಪರೀಕ್ಷೆಯಲ್ಲಿ ನಿನಗೆ ಖಚಿತವಾಗದ ಉಪಕರಣಕ್ಕೆ, ಮೇಲಿನವರು ಅವಸರಪಡಿಸಿದರೂ, ಸಹಿ ಹಾಕಬೇಡ. ದಹ್ರಾನ್‌ನಲ್ಲಿ ಸತ್ತ 28 ಮಂದಿಯನ್ನು ನೆನೆದುಕೋ. ಸಂಶಯ ಬಂದಾಗ ಒಮ್ಮೆ ಹೇಳಿ ಸುಮ್ಮನಾಗಬೇಡ. ಕೇಳಬೇಕಾದವರು ಕೇಳುವ ತನಕ ಹೇಳು. ಮನುಷ್ಯನ ಕೈ ಇಲ್ಲದೆ ತಾನೇ ಮನುಷ್ಯನನ್ನು ಆರಿಸಿ ಕೊಲ್ಲುವ ಯಂತ್ರ ಮಾಡು ಎಂದರೆ, ಅಥವಾ ಯಾರನ್ನೂ ಬೇರ್ಪಡಿಸದೆ ಕೊಲ್ಲುವಂಥದ್ದನ್ನು ಮಾಡು ಎಂದರೆ, ಆಗುವುದಿಲ್ಲ ಎನ್ನು. ಆ ಹೊತ್ತಿಗೆ ನಿನಗೆ ಮನೆ ಸಾಲವಿರುತ್ತದೆ, ಹೆಂಡತಿ ಮಕ್ಕಳಿರುತ್ತಾರೆ. ಕಷ್ಟವಾಗುತ್ತದೆ. ಅದಕ್ಕೇ ಈಗಲೇ ನಿರ್ಧರಿಸಿಕೋ. ಅಜ್ಜಿಯ ಪ್ರಶ್ನೆಗೆ ಉತ್ತರ ಕೊಟ್ಟು ಮುಗಿಸಬೇಡ. ದಿನವೂ ಊಟದ ಡಬ್ಬಿಯ ಜೊತೆ ಆ ಪ್ರಶ್ನೆಯನ್ನೂ ಕೆಲಸಕ್ಕೆ ತೆಗೆದುಕೊಂಡು ಹೋಗು."

ಅವನ ಮುಖದಲ್ಲಿ ಪೂರ್ತಿ ಸಮಾಧಾನ ಕಾಣಲಿಲ್ಲ. ಅದು ಒಳ್ಳೆಯದೇ ಎಂದು ನನಗೆ ಅನ್ನಿಸಿತು.

ನಮ್ಮ ಮನೆಯೊಳಗೆ

ಪ್ರಿಯ ಓದುಗರೇ, ನಮಗೂ ಕ್ಷಿಪಣಿಗೂ ಏನು ಸಂಬಂಧ ಎನ್ನುತ್ತೀರಾ? ಗುರಿ ತಪ್ಪದ ವಿದ್ಯೆ ನಮ್ಮ ಮನೆಗಳಲ್ಲೂ ಇದೆ. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಗಂಡನಿಗೆ ಹೆಂಡತಿಯ ಯಾವ ಗಾಯಕ್ಕೆ ಯಾವ ಮಾತು ತಗುಲುತ್ತದೆ ಎಂದು ಗೊತ್ತು. ಹೆಂಡತಿಗೂ ಗೊತ್ತು. ಸೊಸೆಯ ತವರನ್ನು, ಅತ್ತೆಯ ಮುಪ್ಪನ್ನು, ಮಗನ ಸೋಲನ್ನು ಹುಡುಕಿಕೊಂಡು ಹೋಗುವ ಮಾತುಗಳು ನಮ್ಮಲ್ಲಿ ಎಷ್ಟಿಲ್ಲ! "ನಾನು ಹೇಳಿದ್ದರಲ್ಲಿ ಸುಳ್ಳೇನಿದೆ?" ಎಂದು ಆಮೇಲೆ ಸಮರ್ಥಿಸಿಕೊಳ್ಳುತ್ತೇವೆ. ನಿಜ, ಮಾತು ಸರಿಯಾಗಿಯೇ ಬಿತ್ತು. ಆದರೆ ಅದನ್ನು ಏಕೆ ಎಸೆದೆವು?

ಪೇಟ್ರಿಯಟ್ ಯಂತ್ರವನ್ನು ಆಗಾಗ ಆರಿಸಿ ಹಚ್ಚಿದ್ದರೆ ಅದರ ಗಡಿಯಾರ ಮತ್ತೆ ಸೊನ್ನೆಯಿಂದ ಎಣಿಸುತ್ತಿತ್ತು. ರಾತ್ರಿ ಮಲಗುವ ಮುನ್ನ ಆತ್ಮಶೋಧನೆ ಮಾಡಿಕೊಳ್ಳಿರೆಂದು ಧರ್ಮಸಭೆ ನಮಗೆ ಕಲಿಸಿರುವುದೂ ಇದಕ್ಕೇ. ದಿನದಿನದ ಸಣ್ಣ ಚೂರುಗಳು ಸೇರಿಕೊಂಡು, ಎದುರಿಗೇ ಇರುವವರನ್ನು ಕಾಣದಷ್ಟು ನಮ್ಮ ನೋಟ ಪಕ್ಕಕ್ಕೆ ಸರಿಯಬಾರದು.

ಗೆತ್ಸೆಮನೆ ತೋಪಿನಲ್ಲಿ ಪೇತ್ರನು ಕತ್ತಿ ಬೀಸಿದಾಗ ಪ್ರಧಾನಯಾಜಕನ ಸೇವಕ ಮಲ್ಕನ ಬಲಗಿವಿ ಕತ್ತರಿಸಿಹೋಯಿತು. ಆ ಕತ್ತಲೆಯಲ್ಲಿ, ತನ್ನನ್ನು ಹಿಡಿಯಲು ಬಂದವರ ನಡುವೆ, ಪ್ರಭು ಯೇಸು ಆ ಕಿವಿಯನ್ನು ಮುಟ್ಟಿ ಗುಣಪಡಿಸಿದರು. ಶಿಲುಬೆಗೇರುವ ಮುನ್ನ ಅವರು ಗುಣಪಡಿಸಿದ ಕೊನೆಯ ಗಾಯ ತನ್ನದೇ ಶಿಷ್ಯನ ಆಯುಧದಿಂದ ಆದದ್ದು, ಆಗಿದ್ದು ಶತ್ರುವಿನ ಕಡೆಯವನಿಗೆ. ಶುಭಸಂದೇಶಕಾರ ಸಂತ ಯೊವಾನ್ನರು ಆ ಸೇವಕನ ಹೆಸರನ್ನೂ ಮರೆಯದೆ ನಮಗೆ ಉಳಿಸಿಕೊಟ್ಟಿದ್ದಾರೆ.

ಈ ರಾತ್ರಿ ಜಪಸರ ಮುಗಿದ ಮೇಲೆ ಮನೆಯವರೆಲ್ಲ ಸೇರಿ ಒಂದು ಕ್ಷಣ ಪ್ರಾರ್ಥಿಸೋಣ. ಆಯುಧಗಳನ್ನು ಮಾಡುವವರಿಗಾಗಿ, ಗುಂಡಿ ಒತ್ತುವವರಿಗಾಗಿ, ಅವು ಬಂದು ಬೀಳುವ ಮನೆಗಳಲ್ಲಿ ಮಲಗಿರುವ ಮಕ್ಕಳಿಗಾಗಿ. ಮತ್ತು ಇಂದು ನಮ್ಮ ಮಾತಿನಿಂದ ಗಾಯಗೊಂಡವರು ಪಕ್ಕದಲ್ಲೇ ಮೊಣಕಾಲೂರಿದ್ದರೆ, ಅವರನ್ನು ಹೆಸರು ಹಿಡಿದು ಕರೆಯೋಣ.